ಸಹಾಯ ಬೇಕು: ಸಿಗ್ಮಾ-ಡೆಲ್ಟಾದಲ್ಲಿ 9 ಡಿಬಿ ಬದಲು 6 ಡಿಬಿ ಮಾತ್ರ ಬರ್ತಿದೆ
ನಮಸ್ಕಾರ ಎಲ್ರಿಗೂ, ಮೂರು ದಿನದಿಂದ ಇದ್ರಲ್ಲೇ ಸಿಕ್ಕಾಕೊಂಡಿದೀನಿ. ಪೈಥಾನ್‌ನಲ್ಲಿ ಫಸ್ಟ್ ಆರ್ಡರ್ 1 ಬಿಟ್ ಸಿಗ್ಮಾ-ಡೆಲ್ಟಾ ಎಡಿಸಿ (ಅನಲಾಗ್ ಸಿಗ್ನಲ್‌ನ ಡಿಜಿಟಲ್ ಮಾಡೋ ಸರ್ಕ್ಯೂಟ್) ಸಿಮ್ಯುಲೇಟ್ ಮಾಡ್ತಿದೀನಿ, ಓವರ್‌ಸ್ಯಾಂಪ್ಲಿಂಗ್ (ಬೇಕಾದ್ದಕ್ಕಿಂತ ಎಷ್ಟು ಪಟ್ಟು ವೇಗವಾಗಿ ಸ್ಯಾಂಪಲ್ ತಗೋತೀವಿ ಅನ್ನೋದು) 64 ಇತ್ತು, 128 ಮಾಡ್ದೆ. ಡಬಲ್ ಮಾಡಿದಾಗೆಲ್ಲ ಕ್ವಾಂಟೈಸೇಶನ್ ನಾಯ್ಸ್ (ಬೆಲೆನ ಕೆಲವೇ ಹಂತಕ್ಕೆ ರೌಂಡ್ ಮಾಡೋದ್ರಿಂದ ಬರೋ ತಪ್ಪು) 9 ಡಿಬಿ ಇಳೀಬೇಕು, ಅಂದ್ರೆ ಒಂದೂವರೆ ಬಿಟ್ ಜಾಸ್ತಿ ಸಿಗ್ಬೇಕು, ಆದ್ರೆ ನನಗೆ 6 ಡಿಬಿ ದಾಟ್ತಾನೇ ಇಲ್ಲ. ಮಾಡ್ಯುಲೇಟರ್ (ಎಡಿಸಿಯಲ್ಲಿ 1 ಬಿಟ್ ಔಟ್‌ಪುಟ್ ಕೊಡೋ ಭಾಗ) ಔಟ್‌ಪುಟ್‌ನ ಎಫ್‌ಎಫ್‌ಟಿ, ಅಂದ್ರೆ ಫ್ರೀಕ್ವೆನ್ಸಿ ಸ್ಪೆಕ್ಟ್ರಮ್, ನೋಡಿದ್ರೆ ನಾಯ್ಸ್ ಸರಿಯಾಗೇ ಮೇಲಿನ ಫ್ರೀಕ್ವೆನ್ಸಿ ಕಡೆ ಹೋಗಿದೆ, ಡಿದರ್ (ಬೇಕಂತಲೇ ಸೇರಿಸೋ ಸಣ್ಣ ರ್ಯಾಂಡಮ್ ನಾಯ್ಸ್) ಹಾಕಿದೆ, ಇನ್‌ಪುಟ್ ಸೈನ್ ವೇವ್ ಅರ್ಧಕ್ಕೆ ಇಳಿಸ್ದೆ, ಏನೂ ಬದಲಾಗ್ಲಿಲ್ಲ. ಡೆಸಿಮೇಶನ್‌ಗೆ, ಅಂದ್ರೆ ಸ್ಯಾಂಪಲ್ ರೇಟ್ ಮತ್ತೆ ಇಳಿಸೋಕೆ, ಓವರ್‌ಸ್ಯಾಂಪ್ಲಿಂಗ್ ಎಷ್ಟಿದೆಯೋ ಅಷ್ಟು ಸ್ಯಾಂಪಲ್‌ಗಳ ಬರೀ ಆವರೇಜ್ ತಗೋತಿದೀನಿ, ಈಗ ಅನುಮಾನ ಅದ್ರ ಮೇಲೇನೇ, ಮೇಲೆ ತಳ್ಳಿದ ನಾಯ್ಸೇ ಅಲ್ಲಿ ಮಡಚ್ಕೊಂಡು ಮತ್ತೆ ಕೆಳಗೆ ಬರ್ತಿದೆಯೇನೋ ಅಂತ.

ಆವರೇಜ್ ಬದಲು ಸಿಂಕ್ 2 ಫಿಲ್ಟರ್ (ಅದೇ ಆವರೇಜ್‌ನ ಎರಡು ಸಲ ಒಂದರ ಮೇಲೊಂದು ಮಾಡಿದ ಹಾಗೆ) ಹಾಕಿದ್ರೆ 9 ಡಿಬಿ ಸಿಗುತ್ತಾ, ಇಲ್ಲ ತಪ್ಪು ಮಾಡ್ಯುಲೇಟರ್‌ನಲ್ಲೇ ಇದೆಯಾ? ಗೊತ್ತಿರೋರು ದಯವಿಟ್ಟು ಹೇಳಿ.