ಬಳಚು ಮುಟ್ಟದ ಮನೆಯವರಿಗೆ ಮೊದಲ ಸಲ ಹೇಗೆ ಬಡಿಸೋದು?

ಮಿರ್ಜಾನ್‌ಮೂಲ:

ಊರು ಕುಮಟಾ ಕಡೆ, ವಾಸ ಹುಬ್ಬಳ್ಳಿಯಲ್ಲಿ. ಊರಿಗೆ ಹೋದಾಗಲೆಲ್ಲ ಅಘನಾಶಿನಿ ಹೊಳೆಯ ಬಳಚು, ಅಂದರೆ ಹೊಳೆಯ ಮರಳಲ್ಲಿ ಸಿಗುವ ಎರಡು ಚಿಪ್ಪಿನ ಜೀವಿ, ತರುವ ರೂಢಿ. ಹೆಂಡತಿ, ಅತ್ತೆ ಇಬ್ಬರೂ ಬಯಲುಸೀಮೆಯವರು. ಕುರಿ, ಕೋಳಿ, ಮೀನು ಎಲ್ಲ ತಿಂತಾರೆ, ಆದರೆ ಚಿಪ್ಪಿನೊಳಗಿನದು ಅಂದ ಕೂಡಲೇ ಬೇಡ ಅಂತಾರೆ. ದೂರು ಮೂರು: ಹಲ್ಲಿಗೆ ಮರಳು ಸಿಗ್ತದೆ, ಕೆಸರು ವಾಸನೆ, ಅಗಿದರೆ ರಬ್ಬರ್. ಒಂಬತ್ತು ಮತ್ತು ಆರು ವರ್ಷದ ಮಕ್ಕಳಿಬ್ಬರು ದೊಡ್ಡವರ ಮುಖ ನೋಡಿಯೇ ತಟ್ಟೆ ದೂಡ್ತಾರೆ.

ಈಗ ಮಾಡ್ತಿರೋದು ಇಷ್ಟು: ಡಬ್ಬದಲ್ಲಿ ನೀರು ತುಂಬಿ ಅದರಲ್ಲಿ ಬಳಚು ಹಾಕಿ ತರೋದು, ರಾತ್ರಿಯಿಡೀ ನಲ್ಲಿ ನೀರಲ್ಲಿ ನೆನೆಸೋದು, ಬೆಳಿಗ್ಗೆ ಕುಕ್ಕರಲ್ಲಿ ಎರಡು ಸೀಟಿ. ಎಲ್ಲಿ ತಪ್ಪುತ್ತಿದೆ? ಮೊದಲ ಸಲಕ್ಕೆ ಯಾವ ಅಡುಗೆ ಒಳ್ಳೆಯದು? ಬೇರೇನೋ ಅಂತ ಸುಳ್ಳು ಹೇಳಿ ತಿನ್ನಿಸುವ ಮನಸ್ಸಿಲ್ಲ.

ಹೊಳೆಬದಿ:

ನಿಮ್ಮ ಮನೆಯವರ ದೂರು ಮೂರೂ ಸರಿಯಾಗಿಯೇ ಇವೆ. ನೀವು ಮಾಡುವ ಮೂರು ಕೆಲಸದಿಂದಲೇ ಅವು ಹುಟ್ಟಿವೆ. ಅವರಿಗೆ ಬಳಚಿನ ರುಚಿಯೇ ಇನ್ನೂ ಸಿಕ್ಕಿಲ್ಲ, ಮರಳಿನ ರುಚಿ ಮಾತ್ರ ಸಿಕ್ಕಿದೆ.

ಮೊದಲು ತರುವ ಬಗೆ. ಮುಚ್ಚಿದ ಡಬ್ಬದ ನೀರಲ್ಲಿ ಒಂದೆರಡು ಗಂಟೆಯಲ್ಲೇ ಉಸಿರಾಡುವ ಗಾಳಿ ತೀರಿಹೋಗ್ತದೆ. ಬಳಚು ಒಂದೊಂದೇ ಸಾಯ್ತದೆ, ಸತ್ತದ್ದರ ನೀರು ಉಳಿದವಕ್ಕೆ ಸೇರ್ತದೆ. ನಿಮ್ಮ ಮನೆಯವರು ಹೇಳುವ ಕೆಸರು ವಾಸನೆಯಲ್ಲಿ ಅರ್ಧ ಪಾಲು ಇದರದ್ದು. ಬಳಚನ್ನು ನೀರಿಲ್ಲದೆ ತರಬೇಕು. ಗೋಣಿಚೀಲವನ್ನು ಹೊಳೆಯ ಉಪ್ಪುನೀರಲ್ಲೇ ಅದ್ದಿ ಹಿಂಡಿ, ಅದರಲ್ಲಿ ಸಡಿಲವಾಗಿ ಕಟ್ಟಿ, ಬಿಸಿಲು ಬೀಳದ ಜಾಗದಲ್ಲಿಡಿ. ಬೇಸಿಗೆಯಾದರೆ ಥರ್ಮಾಕೋಲ್ ಪೆಟ್ಟಿಗೆಯ ತಳಕ್ಕೆ ಐಸ್ ಇಟ್ಟು, ಮೇಲೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಚೀಲ. ಪೆಟ್ಟಿಗೆಯ ತಳದಲ್ಲಿ ತೂತು ಬೇಕು. ಐಸ್ ಕರಗಿದ ಸಿಹಿನೀರು ಬಳಚಿಗೆ ತಾಗಿದರೆ ಅದೂ ಸಾಯ್ತದೆ. ಮುಚ್ಚಳವನ್ನು ಬಿಗಿಯಾಗಿ ಹಾಕಬೇಡಿ.

ಇನ್ನು ನೆನೆಸೋದು. ಸಿಹಿನೀರಿಗೆ ಬಿದ್ದ ಬಳಚು ಬಾಯಿ ಬಿಗಿಯಾಗಿ ಮುಚ್ಚಿಕೊಳ್ತದೆ. ಬಾಯಿ ತೆರೆಯದೆ ಮರಳು ಹೊರಗೆ ಬರೋದಾದರೂ ಹೇಗೆ? ನೀವು ಇಡೀ ರಾತ್ರಿ ನೆನೆಸಿದರೂ ಹಲ್ಲಿಗೆ ಸಿಗುವುದಕ್ಕೆ ಇದೇ ಕಾರಣ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಹರಳುಪ್ಪು ಹಾಕಿ, ಅಂದಾಜು ಎರಡು ದೊಡ್ಡ ಚಮಚ. ಊರಿಂದಲೇ ಸಾಣಿಕಟ್ಟಾ ಗದ್ದೆಯ ಸಮುದ್ರದ ಉಪ್ಪು ತಂದುಕೊಂಡರೆ ಮತ್ತೂ ಒಳ್ಳೆಯದು. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ಅಗಲ ಪಾತ್ರೆಯಲ್ಲಿ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ.

ಪಾತ್ರೆ ಆಳದ್ದು ಬೇಡ, ಅಗಲದ್ದು ಬೇಕು. ಅದರೊಳಗೆ ತೂತಿನ ತಟ್ಟೆಯನ್ನು ಬೋರಲು ಹಾಕಿ ಅದರ ಮೇಲೆ ಬಳಚನ್ನು ಒಂದೇ ಪದರವಾಗಿ ಹರಡಿ. ಇಡ್ಲಿಪಾತ್ರೆಯ ಜಾಲರಿ ತಟ್ಟೆಯೂ ಆಗ್ತದೆ. ಉಗುಳಿದ ಮರಳು ತಳಕ್ಕೆ ಇಳೀಬೇಕು. ಅದರ ಮೇಲೇ ಬಳಚು ಕೂತರೆ ಉಗುಳಿದ್ದನ್ನೇ ಮತ್ತೆ ಎಳ್ಕೊಳ್ತದೆ. ನೀರು ಬಳಚಿನ ಬೆನ್ನು ಮುಚ್ಚುವಷ್ಟಿದ್ದರೆ ಸಾಕು. ಫ್ರಿಜ್ಜಿನಲ್ಲಿಡಬೇಡಿ, ಚಳಿಗೆ ಬಾಯಿ ತೆರೆಯೋದಿಲ್ಲ. ಮೇಲೊಂದು ಬಟ್ಟೆ ಮುಚ್ಚಿ ಕತ್ತಲು ಮಾಡಿ, ಅಲುಗಾಡಿಸದೆ ಬಿಡಿ. ಅರ್ಧ ಗಂಟೆ ಕಳೆದು ಮೆಲ್ಲಗೆ ಬಟ್ಟೆ ಎತ್ತಿದರೆ ಚಿಪ್ಪಿನ ಸಂದಿಯಿಂದ ಸಣ್ಣ ಎರಡು ಕೊಳವೆ ಹೊರಗೆ ಚಾಚಿರೋದು ಕಾಣಬೇಕು. ಕಂಡರೆ ಕೆಲಸ ನಡೀತಿದೆ ಅಂತ ಅರ್ಥ. ಎರಡು ಗಂಟೆಗೊಮ್ಮೆ ಅದೇ ಹದದ ಉಪ್ಪುನೀರು ಬದಲಿಸಿ, ಒಟ್ಟು ನಾಲ್ಕರಿಂದ ಆರು ಗಂಟೆ.

ಆಮೇಲೆ ಒಂದು ಕೆಲಸ ಉಂಟು, ಹೆಚ್ಚಿನವರು ಬಿಡೋದು ಇದನ್ನೇ. ಒಂದೊಂದೇ ಚಿಪ್ಪನ್ನು ಎರಡು ಹೆಬ್ಬೆರಳಿನ ನಡುವೆ ಹಿಡಿದು ಅಡ್ಡಕ್ಕೆ ಜಾರಿಸಿ ನೋಡಿ. ಜೀವ ಇದ್ದದ್ದು ಅಲುಗೋದಿಲ್ಲ. ಒಳಗೆ ಬರೀ ಕೆಸರು ತುಂಬಿದ ಸತ್ತ ಚಿಪ್ಪಾದರೆ ಜಾರಿ ಬಿಚ್ಚಿಕೊಳ್ತದೆ. ನೋಡಲಿಕ್ಕೆ ಗಟ್ಟಿ ಮುಚ್ಚಿದ ಒಳ್ಳೆ ಬಳಚಿನ ಹಾಗೇ ಇರ್ತದೆ, ಕೈಗೆ ಮಾತ್ರ ಹೆಚ್ಚು ತೂಕ. ಇಂಥದ್ದು ಒಂದೇ ಒಂದು ಪಾತ್ರೆಯಲ್ಲಿ ಬಾಯಿ ಬಿಟ್ಟರೂ ಇಡೀ ಅಡುಗೆ ಮಣ್ಣಾಯ್ತು. ತಿನ್ನಲು ಹಿಂಜರಿಯುವವರ ಮುಂದೆ ಆ ಒಂದು ಚಿಪ್ಪು ಬಂದರೆ ಇನ್ನೊಂದು ವರ್ಷ ಅವರು ಅದರ ಹತ್ತಿರ ಬರೋದಿಲ್ಲ. ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದ್ದನ್ನು, ಚಿಪ್ಪು ಒಡೆದದ್ದನ್ನು ಕೂಡ ಬಿಸಾಡಿ. ಉಳಿದವನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ತಯಾರು.

ಕಾಳಿತೀರ:

ಮೇಲಿನವರು ಹೇಳಿದ್ದು ಪಕ್ಕಾ. ರಬ್ಬರಿನ ವಿಷಯಕ್ಕೆ ಬರ್ತೇನೆ. ಕುಕ್ಕರ್ ಬೇಡವೇ ಬೇಡ. ಬಳಚಿನ ಮಾಂಸ ಬಿಸಿಗೆ ಬೇಗ ಕುಗ್ಗಿ ನೀರು ಬಿಟ್ಟುಕೊಳ್ತದೆ, ಎರಡು ಸೀಟಿಗೆ ಅದು ಬಟನ್ ಆಗಿರ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಕುರಿ ಮಾಂಸದ ಹಾಗೆ ಮತ್ತೆ ಮೆತ್ತಗಾಗೋದೂ ಇಲ್ಲ.

ಅಗಲ ಪಾತ್ರೆಗೆ ಒಂದು ಲೋಟ ನೀರು, ಚಿಟಿಕೆ ಅರಿಶಿನ ಹಾಕಿ ಕುದಿ ಬರಿಸಿ. ಆಮೇಲೆ ಬಳಚನ್ನು ಎರಡು ಪದರಕ್ಕಿಂತ ಹೆಚ್ಚಾಗದ ಹಾಗೆ ಹಾಕಿ ಮುಚ್ಚಿ. ಪಾತ್ರೆ ತುಂಬ ಹಾಕಿದರೆ ತಳದ್ದು ಬೆಂದು ಗಟ್ಟಿಯಾಗ್ತದೆ, ಮೇಲಿನದು ಇನ್ನೂ ಬಾಯಿ ಬಿಟ್ಟಿರೋದಿಲ್ಲ. ಚಿಪ್ಪು ತೆರೆದ ಮೇಲೆ ಇನ್ನೂ ನಾಲ್ಕು ನಿಮಿಷ ಆವಿಯಲ್ಲಿ ಇರಲಿ. ಇದಕ್ಕಿಂತ ಕಡಿಮೆ ಮಾಡಬೇಡಿ, ಬಾಯಿ ತೆರೆಯಿತು ಅಂದಮಾತ್ರಕ್ಕೆ ಬೆಂದಿತು ಅಂತಲ್ಲ. ಕಡೆಗೂ ತೆರೆಯದ್ದನ್ನು ಬಿಸಾಡಿ.

ಪಾತ್ರೆಯಲ್ಲಿ ಉಳಿದ ನೀರನ್ನು ಚೆಲ್ಲಬೇಡಿ. ಹತ್ತು ನಿಮಿಷ ಹಾಗೇ ಬಿಟ್ಟು, ತಳದ ಒಂದು ಬೆರಳಷ್ಟನ್ನು ಪಾತ್ರೆಯಲ್ಲೇ ಉಳಿಸಿ, ಮೇಲಿನದನ್ನು ದಪ್ಪ ಬಟ್ಟೆಯಲ್ಲಿ ಸೋಸಿ. ಬಳಚಿನ ರುಚಿ ಇರೋದೇ ಅದರಲ್ಲಿ. ಉಪ್ಪೂ ಇರ್ತದೆ, ಹಾಗಾಗಿ ಮಸಾಲೆಗೆ ಬೇರೆ ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕೋದು.

ನಮ್ಮ ಕಾರವಾರ ಕಡೆ ತಿಸ್ರ್ಯಾ ಅಂತೇವೆ, ಅರ್ಧ ಚಿಪ್ಪಿನ ಸಮೇತ ಮಸಾಲೆಗೆ ಹಾಕ್ತೇವೆ. ತಿನ್ನುವವರಿಗೆ ಅದೇ ಚಂದ, ಹೊಸಬರಿಗೆ ಅಲ್ಲ. ಅವರಿಗೆ ಮಾಂಸ ಬಿಡಿಸಿ, ದೊಡ್ಡ ಬಳಚಾದರೆ ಹೊಟ್ಟೆಯ ಕಪ್ಪು ಗಂಟನ್ನು ಬೆರಳಲ್ಲಿ ಹಿಸುಕಿ ತೆಗೆದು, ಸೋಸಿದ ನೀರಲ್ಲೇ ಒಮ್ಮೆ ಜಾಲಿಸಿ. ಆ ನೀರನ್ನು ಮತ್ತೊಮ್ಮೆ ಸೋಸಿಕೊಂಡೇ ಅಡುಗೆಗೆ ಬಳಸಿ. ನುಣ್ಣನೆ ಮರಳಿನ ಕೊನೆಯ ಜಾಗ ಆ ಗಂಟು, ಸ್ವಲ್ಪ ಕಹಿಯೂ ಅಲ್ಲೇ.

ಸುಕ್ಕಾ, ಅಂದರೆ ರಸವಿಲ್ಲದ ಒಣ ಮಸಾಲೆ ಪಲ್ಯ, ಅದರ ಅಳತೆ ಎರಡು ಕಿಲೋ ಚಿಪ್ಪಿನ ಬಳಚಿಗೆ. ಮಾಂಸ ಸಿಗೋದು ಕಾಲು ಕಿಲೋ ಆಸುಪಾಸು ಮಾತ್ರ, ಅದು ಗೊತ್ತಿರಲಿ. ಬ್ಯಾಡಗಿ ಮೆಣಸು ಆರು, ಕೊತ್ತಂಬರಿ ಬೀಜ ಎರಡು ಚಮಚ, ಕಾಳುಮೆಣಸು ಎಂಟು, ಇಷ್ಟನ್ನು ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಹುರಿಯಿರಿ. ಒಂದು ಬಟ್ಟಲು ತೆಂಗಿನತುರಿ, ಐದಾರು ಎಸಳು ಬೆಳ್ಳುಳ್ಳಿ, ಕಾಲು ಚಮಚ ಅರಿಶಿನ ಸೇರಿಸಿ ನೀರು ಹಾಕದೆ ತರಿತರಿಯಾಗಿ ತಿರುಗಿಸಿ. ನುಣ್ಣಗೆ ರುಬ್ಬಿದರೆ ಸುಕ್ಕಾ ಆಗೋದಿಲ್ಲ, ಗೊಜ್ಜಾಗ್ತದೆ. ಎರಡು ಈರುಳ್ಳಿ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಕೆಂಪಾಗುವ ತನಕ ಹುರಿದು, ಮಸಾಲೆ, ಅರ್ಧ ಲೋಟ ಬಳಚಿನ ನೀರು, ಮೂರ್ನಾಲ್ಕು ಮುರುಗಲು (ಕೋಕಂ) ಸಿಪ್ಪೆ ಹಾಕಿ ನೀರು ಆರುವ ತನಕ ಬೇಯಿಸಿ. ಮಸಾಲೆಯ ಹಸಿ ವಾಸನೆ ಹೋದ ಮೇಲೆ ಮಾಂಸ ಹಾಕಿ, ಎರಡೇ ನಿಮಿಷ ಮಗುಚಿ ಇಳಿಸಿ. ಮಾಂಸ ಆಗಲೇ ಬೆಂದಿದೆ, ಅದಕ್ಕೆ ಮಸಾಲೆ ಹಿಡಿದರೆ ಸಾಕು. ಕರಾವಳಿಯ ಮೀನಡುಗೆಗೆ ಹಾಕುವ ಘಾಟಿನ ಮಸಾಲೆ ಜುಮ್ಮನಕಾಯಿ ಮೊದಲ ಸಲ ಬೇಡ. ಅದರ ಘಾಟು ಗೊತ್ತಿಲ್ಲದವರಿಗೆ ನಾಲಿಗೆ ಜುಮ್ಮೆಂದರೆ ಆ ದೂರೂ ಬಳಚಿನ ತಲೆಗೇ ಬರ್ತದೆ.

ಮಿರ್ಜಾನ್‌ಮೂಲ:

ಡಬ್ಬದ ನೀರಿಂದಲೇ ವಾಸನೆ ಅಂತ ಗೊತ್ತೇ ಇರಲಿಲ್ಲ. ಎರಡು ಸಂಶಯ. ಮಕ್ಕಳಿಗೆ ಈ ಖಾರ ಆಗೋದಿಲ್ಲ, ಅವರಿಗೇನು ಮಾಡೋದು? ಮತ್ತೆ ಆ ದಿನವೇ ಮಾಡಲು ಆಗದಿದ್ದರೆ ಇಟ್ಟುಕೊಳ್ಳಬಹುದಾ?

ಗಂಗಾವಳಿ_ಅಡುಗೆಮನೆ:

ಮಕ್ಕಳಿಗೆ ವಡೆ ಮಾಡಿ. 150 ಗ್ರಾಂ ಬೆಂದ ಮಾಂಸವನ್ನು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ, ಸಣ್ಣಗೆ ಕೊಚ್ಚಿ. ಒಂದು ಈರುಳ್ಳಿ, ಒಂದು ಚಮಚ ಶುಂಠಿ ತುರಿ, ಕೊತ್ತಂಬರಿ ಸೊಪ್ಪು, ಮೂರು ದೊಡ್ಡ ಚಮಚ ಕಡಲೆಹಿಟ್ಟು, ಎರಡು ದೊಡ್ಡ ಚಮಚ ಅಕ್ಕಿಹಿಟ್ಟು ಹಾಕಿ ಕಲಸಿ, ನೀರು ಹನಿಸುವಷ್ಟು ಮಾತ್ರ. ಹಿಂಡದೆ ಹಾಕಿದರೆ ಮಾಂಸದ ನೀರು ಎಣ್ಣೆಯಲ್ಲಿ ಸಿಡೀತದೆ, ವಡೆಯೂ ಒಡೀತದೆ. ಚಪ್ಪಟೆಯಾಗಿ ತಟ್ಟಿ ಹದ ಉರಿಯಲ್ಲಿ ಹೊಂಬಣ್ಣಕ್ಕೆ ಕರೀರಿ. ಮಕ್ಕಳು ಬೇಡ ಅನ್ನೋದು ಬಹುಪಾಲು ಆಕಾರ ನೋಡಿ. ಕೊಚ್ಚಿದ ಮೇಲೆ ಆ ತೊಂದರೆ ಇಲ್ಲ. ಆದರೆ ಇದು ಬಳಚಿನ ವಡೆ ಅಂತ ಹೇಳಿಯೇ ಕೊಡಿ. ಕೋಳಿ ಅಂತ ಕೊಟ್ಟು ಆಮೇಲೆ ಗೊತ್ತಾದರೆ ಮುಂದೆ ನೀವು ಕೊಟ್ಟ ಕೋಳಿಯನ್ನೂ ನಂಬೋದಿಲ್ಲ.

ಅತ್ತೆಯವರಿಗೆ ನನ್ನ ಸಲಹೆ ಬೇರೆ. ಬಳಚನ್ನು ಅವರಿಗೆ ಗೊತ್ತಿರುವ ತರಕಾರಿ ಜೊತೆ ಸೇರಿಸಿ. ನಮ್ಮಲ್ಲಿ ಬಸಳೆಗೆ ಹಾಕ್ತಾರೆ, ಹಲಸಿನ ಬೀಜಕ್ಕೂ ಹಾಕ್ತಾರೆ. ನುಗ್ಗೆಕಾಯಿಗೂ ಹೊಂದ್ತದೆ, ಅದು ಹುಬ್ಬಳ್ಳಿಯಲ್ಲಿ ಸುಲಭವಾಗಿ ಸಿಗ್ತದೆ. ಎರಡು ನುಗ್ಗೆಕಾಯಿಗೆ ಒಂದು ಹಿಡಿ ಮಾಂಸ ಸಾಕು. ಮೊದಲು ರಸ ರುಚಿಸಬೇಕು. ತುಂಡು ಬೇಡವೆಂದು ಬದಿಗೆ ಇಟ್ಟರೆ ಇಟ್ಟುಕೊಳ್ಳಲಿ, ತಿನ್ನಿ ತಿನ್ನಿ ಅಂತ ಎದುರು ಕೂತು ನೋಡಬೇಡಿ. ಆ ದಿನ ಅವರು ನಿತ್ಯ ಉಣ್ಣುವ ರೊಟ್ಟಿ, ಪಲ್ಯ ಎಲ್ಲ ಇರಲಿ, ಬಳಚು ಬದಿಗೆ ಎರಡು ಚಮಚ. ಅದೊಂದೇ ಪದಾರ್ಥ ಮಾಡಿಟ್ಟರೆ ಅದು ಒತ್ತಾಯವೇ.

ಇಡುವ ವಿಷಯ: ಮರಳು ಬಿಟ್ಟ ಜೀವಂತ ಬಳಚನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತೆರೆದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಒಂದು ದಿನ ಇಡಬಹುದು. ನೀರಲ್ಲೂ ಬೇಡ, ಪ್ಲಾಸ್ಟಿಕ್ ಚೀಲ ಕಟ್ಟಿಯೂ ಬೇಡ. ಹೆಚ್ಚು ದಿನಕ್ಕಾದರೆ ಬೇಯಿಸಿ ಬಿಡಿಸಿ, ಮಾಂಸ ಮುಳುಗುವಷ್ಟು ಸೋಸಿದ ಬಳಚಿನ ನೀರು ಹಾಕಿ ಡಬ್ಬಿಯಲ್ಲಿ ಫ್ರೀಜರಿಗೆ. ನೀರಿಲ್ಲದೆ ಇಟ್ಟರೆ ಒಣಗಿ ನಾರಾಗ್ತದೆ. ಒಂದು ತಿಂಗಳೊಳಗೆ ಮುಗಿಸಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.

ಹೊಳೆಬದಿ:

ಒಂದು ಮುಖ್ಯ ಮಾತು ಬಿಟ್ಟುಹೋಗಿತ್ತು. ಇವರೆಲ್ಲ ಚಿಪ್ಪಿನದ್ದನ್ನು ಹಿಂದೆ ಸರಿಯಾಗಿ ತಿಂದವರಲ್ಲ, ಆದ್ದರಿಂದ ಮೊದಲ ದಿನ ಒಬ್ಬೊಬ್ಬರಿಗೆ ಎರಡು ಮೂರು ತುಂಡು ಸಾಕು, ಮಕ್ಕಳಿಗೆ ವಡೆಯೂ ಒಂದೇ. ತುಟಿ ಊದೋದು, ಮೈ ತುರಿಸಿ ದದ್ದು ಏಳೋದು, ವಾಂತಿ, ಉಸಿರು ಕಟ್ಟೋದು, ಇದರಲ್ಲಿ ಏನು ಕಂಡರೂ ಅಲ್ಲಿಗೇ ನಿಲ್ಲಿಸಿ. ಉಸಿರಿನ ತೊಂದರೆ ಆದರೆ ಕಾಯದೆ ಆಸ್ಪತ್ರೆಗೆ. ಸಿಗಡಿ, ಏಡಿ ಆಗದವರಿದ್ದರೆ ವೈದ್ಯರನ್ನು ಕೇಳದೆ ಕೊಡಲೇಬೇಡಿ. ಹೊಸದನ್ನು ರಾತ್ರಿಗಿಂತ ಮಧ್ಯಾಹ್ನ ಬಡಿಸೋದು ಒಳ್ಳೆಯದು.

ತರುವ ಕಾಲವೂ ನೋಡಿ. ಬಳಚು ತಾನಿರುವ ನೀರನ್ನೇ ಸೋಸಿ ತಿನ್ನುವ ಜೀವಿ, ನೀರಲ್ಲಿದ್ದದ್ದು ಅದರ ಹೊಟ್ಟೆಯಲ್ಲಿರ್ತದೆ. ಜೋರು ಮಳೆಗೆ ಹೊಳೆ ಕೆಂಪಾಗಿ ಹರಿಯುವಾಗ ಊರಿನ ಕೊಳೆಯೂ ಬಂದಿರ್ತದೆ, ಉಪ್ಪು ಕಡಿಮೆಯಾಗಿ ಬಳಚೂ ಸೊರಗಿರ್ತದೆ. ಶ್ರಾವಣದಲ್ಲಿ ಹೇಗೂ ಎಷ್ಟೋ ಮನೆಗಳಲ್ಲಿ ಮೀನು ಮಾಂಸ ಇಲ್ಲ. ಮಳೆ ಪೂರ್ತಿ ಹಿಂದೆ ಸರಿದು ಹೊಳೆ ತಿಳಿಯಾದ ಮೇಲೆ ಶುರು ಮಾಡಿ. ಬಂದರು, ಗಟಾರ ಸೇರುವ ಜಾಗದ್ದು ಬೇಡ. ನೀರಿನ ಬಣ್ಣ ಕೆಂಪು, ಹಸಿರು ತಿರುಗಿದೆ, ಮೀನು ಸತ್ತು ತೇಲ್ತಿವೆ ಅಂತ ಕೇಳಿದರೆ ಆ ಸಮಯಕ್ಕೆ ಯಾರೂ ತಿನ್ನಬಾರದು. ಅಂಥ ಪಾಚಿಯ ವಿಷ ಎಷ್ಟು ಕುದಿಸಿದರೂ ಹೋಗೋದಿಲ್ಲ, ಉಪ್ಪುನೀರಲ್ಲಿಟ್ಟರೂ ಹೋಗೋದಿಲ್ಲ.

ಕೊಳ್ಳುವಾಗ ಸಣ್ಣದ್ದನ್ನು ಬಿಡಿ. ಅದರಲ್ಲಿ ಮಾಂಸವೂ ಇಲ್ಲ, ಬೆಳೆಯುವ ಮೊದಲೇ ತೆಗೆದರೆ ಮುಂದಿನ ವರ್ಷಕ್ಕೂ ಇಲ್ಲ. ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಳಿತದ ಹೊತ್ತಿಗೆ ಸೊಂಟದ ನೀರಲ್ಲಿ ನಿಂತು ಕೈಯಿಂದ, ಕಾಲಿಂದ ತಡಕಿ ಬಳಚು ಆರಿಸುವವರ ಜೀವನ ಅಲ್ಲಿ ದೊಡ್ಡ ಬಳಚು ಉಳಿಯೋದರ ಮೇಲೇ ನಿಂತಿದೆ.

ಮಿರ್ಜಾನ್‌ಮೂಲ:

ಕೊನೆಯದೊಂದು. ಕಲ್ವ (ಆಯ್ಸ್ಟರ್) ಮತ್ತು ನೀಲಿಕಲ್ಲು (ಮಸಲ್) ಬಳಚಿಗಿಂತ ಮೆತ್ತಗೆ ಅಂತಾರೆ. ರಬ್ಬರ್ ದೂರಿಗೆ ಅವುಗಳಿಂದಲೇ ಶುರು ಮಾಡಿದರೆ?

ಕಾಳಿತೀರ:

ಕಲ್ವ ಬೇಡ. ಮೆತ್ತಗೆ ಹೌದು, ಆದರೆ ಕಚ್ಚಿದಾಗ ಒಳಗಿನದು ಬಾಯಲ್ಲಿ ಒಡೆದು ಹರಡ್ತದೆ, ರುಚಿಯೂ ತೀಕ್ಷ್ಣ. ಹೊಸಬರಿಗೆ ಹೇಸಿಗೆ ಬರೋದು ಅಲ್ಲೇ. ಬಳಚನ್ನು ತಾವಾಗಿ ಎರಡನೇ ಸಲ ಬಡಿಸಿಕೊಂಡ ಮೇಲೆ ಕಲ್ವಕ್ಕೆ ಹೋಗಿ. ಆಗಲೂ ಅಕ್ಕಿಹಿಟ್ಟು, ರವೆ, ಮೆಣಸಿನ ಪುಡಿಯಲ್ಲಿ ಹೊರಳಿಸಿ ಗರಿಗರಿಯಾಗಿ ಹುರಿದದ್ದೇ ಮೊದಲು. ಹಸಿಯಾಗಿ ಯಾರಿಗೂ ಕೊಡಬೇಡಿ.

ನೀಲಿಕಲ್ಲು ಆಗಬಹುದು. ಬಂಡೆಗೆ ಅಂಟಿ ಬೆಳೆಯೋದ್ರಿಂದ ಮರಳು ಕಡಿಮೆ, ತುಂಡೂ ದೊಡ್ಡದು. ಚಿಪ್ಪಿನ ಸಂದಿಯಿಂದ ಹೊರಗೆ ಬಂದಿರುವ ನಾರಿನ ಜುಟ್ಟನ್ನು ಬೇಯಿಸುವ ಸ್ವಲ್ಪ ಮೊದಲು, ಚಿಪ್ಪು ಕೂಡುವ ತುದಿಯ ಕಡೆಗೆ ಎಳೆದು ಕೀಳಿ. ಹಿಂದಿನ ದಿನವೇ ಕಿತ್ತಿಟ್ಟರೆ ಬೇಗ ಸಾಯ್ತದೆ. ಬೆಂದ ಮೇಲೆ ಕೆಲವು ತುಂಡು ಕಿತ್ತಳೆ, ಕೆಲವು ಬಿಳಿ ಇರ್ತವೆ. ಕಿತ್ತಳೆ ಹೆಣ್ಣು, ಬಿಳಿ ಗಂಡು, ಎರಡೂ ತಿನ್ನುವಂಥದ್ದೇ. ಬಡಿಸುವ ಮೊದಲು ಇದನ್ನು ಹೇಳಿಬಿಡಿ, ಇಲ್ಲದಿದ್ದರೆ ಒಂದು ಬಣ್ಣದ್ದು ಹಾಳಾಗಿದೆ ಅಂತ ತೆಗೆದಿಡ್ತಾರೆ.