377 ಕೇಸ್ ಹಾಕಿಸ್ತೀನಿ ಅಂತ ಹೆದರಿಸ್ತಿದ್ದಾರೆ, ನಿಜಕ್ಕೂ ಜೈಲಾಗುತ್ತಾ?

ಕಬ್ಬಿನಗದ್ದೆ:
ನಾನು ಮೈಸೂರಲ್ಲಿ ಕೆಲಸದಲ್ಲಿದ್ದೇನೆ, ವಯಸ್ಸು 27. ಅವನಿಗೆ 25, ಊರು ಮದ್ದೂರಿನ ಹತ್ತಿರ. ಇಬ್ಬರೂ ಗಂಡಸರೇ. ವಿವಿ ಮೊಹಲ್ಲಾದಲ್ಲಿ ಒಟ್ಟಿಗೆ ಬಾಡಿಗೆ ಮನೆ ಮಾಡಿದ್ದೆವು, ಓನರ್ ಆಂಟಿಗೆ ರೂಮ್‌ಮೇಟ್ಸ್ ಅಂತ ಹೇಳಿದ್ದೆವು. ಹೋದ ತಿಂಗಳು ಅವನ ಮನೆಯವರಿಗೆ ವಿಷಯ ಗೊತ್ತಾಯಿತು. ಅಜ್ಜಿಗೆ ಹುಷಾರಿಲ್ಲ ಅಂತ ಕರೆಸಿಕೊಂಡರು, ಆಮೇಲೆ ಫೋನ್ ಸ್ವಿಚ್ ಆಫ್. ತಂಗಿ ಫೋನಿಂದ ಒಂದೇ ಒಂದು ಮೆಸೇಜ್ ಬಂತು: "ಗೇಟಿಗೆ ಬೀಗ ಹಾಕ್ತಾರೆ. ಆಲೆಮನೆ ಕಡೆಗೂ ಒಬ್ಬನೇ ಹೋಗಂಗಿಲ್ಲ. ನನ್ನ ಬೂದು ಶರ್ಟ್ ಬಿಸಿಲಿಗೆ ಒಣಹಾಕಬೇಡ, ಬಣ್ಣ ಹೋಗುತ್ತೆ."

ಈಗ ಅವನ ಸೋದರಮಾವ ಫೋನ್ ಮಾಡಿ, ಸಲಿಂಗಿಗಳ ಮೇಲೆ ಹಾಕ್ತಿದ್ದ ಆ 377 ಸೆಕ್ಷನ್ ಹಾಕಿಸಿ ಹತ್ತು ವರ್ಷ ಒಳಗೆ ಕೂರಿಸ್ತೀನಿ, ಸ್ಟೇಷನ್ನಲ್ಲಿ ನಮ್ಮೋರಿದ್ದಾರೆ ಅಂತ ಹೇಳ್ತಿದ್ದಾರೆ. ಯಾರೋ ಡಾಕ್ಟರ್ ಹತ್ತಿರ ಅವನನ್ನ 'ಸರಿ' ಮಾಡಿಸ್ತಾರಂತೆ. ಏನು ಮಾಡಲಿ?

ಕೋರ್ಟ್‌ಕಟ್ಟೆ:
ಜೈಲಾಗಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳೂ ಒಂದೇ ಮಾತು ಹೇಳಿದರು: ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅಪರಾಧ ಅಲ್ಲ. ಅದಕ್ಕೆ ದಾರಿ ಮಾಡಿಕೊಟ್ಟಿದ್ದು 2017ರ ಖಾಸಗಿತನದ ತೀರ್ಪು, ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. 2024ರ ಜುಲೈ 1ರಿಂದ 377 ಇದ್ದ ಹಳೇ ದಂಡ ಸಂಹಿತೆ ಐಪಿಸಿಯೇ ಹೋಯಿತು. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇರೋದೇ 358 ಸೆಕ್ಷನ್, ಮಾವ 377ರ ತನಕ ಹೇಗೆ ಎಣಿಸ್ತಾರೋ ನೋಡೋಣ.

ಬದಲಿಗೆ ವಯಸ್ಸಿಗೆ ಬಂದವನನ್ನ ಬೀಗ ಹಾಕಿ ಕೂರಿಸೋದು ಅದೇ ಸಂಹಿತೆಯ 127ರಲ್ಲಿ ಅಪರಾಧ. ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಕೂಡಿಹಾಕಿದವನನ್ನ ಕೋರ್ಟ್ ಮುಂದೆ ಹಾಜರುಪಡಿಸಿ ಅನ್ನೋ ಅರ್ಜಿ ಹಾಕಬಹುದು, ಮದುವೆ ಆಗಿರಬೇಕು ಅಂತಿಲ್ಲ, ಸಂಗಾತಿ ಅಥವಾ ಸ್ನೇಹಿತ ಹಾಕಿದರೂ ಸಾಕು. 2024ರ ಮಾರ್ಚಲ್ಲಿ ದೇವು ಜಿ. ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟುಗಳಿಗೆ ಹೇಳಿದೆ: ಇಂಥ ಅರ್ಜಿ ತಡ ಮಾಡಬೇಡಿ, ಆ ವ್ಯಕ್ತಿ ಏನು ಬಯಸ್ತಾನೆ ಅಂತ ಅವನನ್ನೇ ಕೇಳಿ, ಅವನ ಮನಸ್ಸು ತಿರುಗಿಸೋಕೆ ಕೌನ್ಸೆಲಿಂಗ್ ಮಾಡಿಸಬೇಡಿ.

ಡಾಕ್ಟರ್ ವಿಷಯ: 'ಸರಿ ಮಾಡೋ' ಚಿಕಿತ್ಸೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ದಳವಾಯಿಕೆರೆ:
ಸುಮ್ನೆ ಕೋರ್ಟು ಕೋರ್ಟು ಅಂತೀರಿ. ಅವರಪ್ಪ ಅಮ್ಮ ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ಸ್ವಲ್ಪ ದಿನ ಬಿಡಿ, ತಣ್ಣಗಾಗುತ್ತೆ.

ಹಳೇಮೈಸೂರಿಗ:
ತಣ್ಣಗಾಗೋದು ಹೇಗೆ ಅಂತ ನಾನು ನೋಡಿದ್ದೀನಿ ದಳವಾಯಿ ಅವರೇ, ಮದುವೆ ಮಾಡಿಸಿ. ಒಂದು ಹೆಣ್ಣಿನ ಬಾಳೂ ಜೊತೆಗೆ ಹಾಳು.

ನನಗೀಗ ಅರವತ್ತರ ಹತ್ತಿರ. ಆಗ 377 ಇದ್ದದ್ದು ಶಿಕ್ಷೆಗಿಂತ ಜಾಸ್ತಿ ದುಡ್ಡು ಕೀಳೋಕೆ. ಸಂಜೆ ಹೊತ್ತು ಪಾರ್ಕಲ್ಲಿ ಇಬ್ಬರು ಕೂತಿದ್ದರೆ ಲಾಠಿ ಹಿಡಿದವನೊಬ್ಬ ಬಂದು ಮನೆ ಅಡ್ರೆಸ್ ಕೇಳ್ತಿದ್ದ, ಅಷ್ಟೇ ಸಾಕು. ವಾಚು, ಉಂಗುರ, ಜೇಬಲ್ಲಿದ್ದ ಸಂಬಳ ಎಲ್ಲ ಬಿಚ್ಚಿಕೊಟ್ಟು ಬರ್ತಿದ್ದೆವು. ಕೇಸೇ ಆಗ್ತಿರಲಿಲ್ಲ. ಒಳಗೆ ಹೋದವರೂ ಇದ್ದರು, 2001ರಲ್ಲಿ ಲಖ್ನೋದಲ್ಲಿ ಏಡ್ಸ್ ಬಗ್ಗೆ ತಿಳಿವಳಿಕೆ ಕೊಡ್ತಿದ್ದ ಕಾರ್ಯಕರ್ತರನ್ನ ಇದೇ ಸೆಕ್ಷನ್ ಹಾಕಿ 47 ದಿನ ಕೂರಿಸಿದ್ದರು. 2009ರಲ್ಲಿ ದೆಹಲಿ ಹೈಕೋರ್ಟ್ ಅಪರಾಧ ಅಲ್ಲ ಅಂದಾಗ ಒಬ್ಬನೇ ಮೈಸೂರ್ ಪಾಕ್ ತಂದು ತಿಂದೆ. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ವಾಪಸ್ ಅಪರಾಧ ಮಾಡಿತು.

ಅದಕ್ಕೇ ಹೇಳ್ತೀನಿ, ಆ ಮಾವನಿಗೂ ಕೇಸ್ ಬೇಕಿಲ್ಲ. ನೀನು ಹೆದರಿ ಮನೆ ಖಾಲಿ ಮಾಡಿದರೆ ಅವರ ಕೆಲಸ ಆಯಿತು. ಆದರೆ ಅವರ ಊರಿಗೆ ಮಾತ್ರ ಒಬ್ಬನೇ ಹೋಗಬೇಡಪ್ಪ.

ಕಬ್ಬಿನಗದ್ದೆ:
ಥ್ಯಾಂಕ್ಸ್ ಸರ್. ಇನ್ನೊಂದು ಕೇಳಬೇಕಿತ್ತು. ಆಫೀಸಿಂದ ಕೌಲಾಲಂಪುರಕ್ಕೆ ಎರಡು ವರ್ಷ ಹೋಗೋ ಅವಕಾಶ ಇದೆ. ಅವನು ಹೊರಗೆ ಬಂದರೆ ಇಬ್ಬರೂ ಅಲ್ಲಿಗೇ ಹೋಗಿಬಿಡೋಣ ಅಂತ.

ಕೋರ್ಟ್‌ಕಟ್ಟೆ:
ಅಯ್ಯೋ, ಬೇಡ. ಬ್ರಿಟಿಷರು 1860ರಲ್ಲಿ ಇಲ್ಲಿ ಬರೆದ 377 ಅವರ ಬೇರೆ ವಸಾಹತುಗಳಿಗೂ ಹೋಗಿತ್ತು. ಸಿಂಗಪುರ 2022ರಲ್ಲಿ ತನ್ನ 377ಎ ತೆಗೆದುಹಾಕಲು ಮಸೂದೆ ಪಾಸು ಮಾಡಿತು. ಮಲೇಷ್ಯಾದಲ್ಲಿ 377ಬಿ ಇನ್ನೂ ಇದೆ, ಒಪ್ಪಿಗೆ ಇದ್ದರೂ 20 ವರ್ಷದವರೆಗೆ ಜೈಲು, ಮೇಲೆ ಛಡಿಯೇಟು. ಈಗಿನ ಅವರ ಪ್ರಧಾನಿ ಅನ್ವರ್ ಇಬ್ರಾಹಿಂ ಕೂಡ ಅಂಥ ಆರೋಪದಲ್ಲೇ ಜೈಲು ಕಂಡವರು, ಅದು ರಾಜಕೀಯ ಪಿತೂರಿ ಅಂತಲೇ ಅವರು ಹೇಳಿಕೊಂಡು ಬಂದರು. ಬೇರೆ ಊರು ನೋಡಿ.

ಮೊದಲು 15100ಕ್ಕೆ ಫೋನ್ ಮಾಡಿ, ಅದು ಕಾನೂನು ನೆರವಿನ ಸಹಾಯವಾಣಿ. ಮಾವನ ಕಾಲ್ ಇನ್ನೊಮ್ಮೆ ಬಂದರೆ ರೆಕಾರ್ಡ್ ಮಾಡಿಕೊಳ್ಳಿ. ಇಬ್ಬರ ಹೆಸರೂ ಇರೋ ಬಾಡಿಗೆ ಕರಾರು ಇದ್ದರೆ ತೆಗೆದಿಡಿ. ಅವನ ಮೆಸೇಜ್ ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ, ವಕೀಲರಿಗೆ ಮಾತ್ರ ತೋರಿಸಿ, ಅದು ತಂಗಿ ನಂಬರಿಂದ ಬಂದಿದೆ ಅಲ್ವಾ.