ಉಕ್ರೇನಿನ ಪಡೆ ವಾರಗಳಲ್ಲಿ ಡ್ರೋನ್ ಬದಲಾಯಿಸುತ್ತದೆ, ಬೇರೆ ಸೇನೆಗಳಿಗೆ ವರ್ಷಗಳು ಯಾಕೆ ಬೇಕು?

ಚಳ್ಳಕೆರೆ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಸೆಮಿನಾರಿಗೆ ಯುದ್ಧದ ಡ್ರೋನ್ ವಿಷಯ ತೆಗೆದುಕೊಂಡಿದ್ದೇನೆ. ನಮ್ಮ ಊರಿನ ಹತ್ತಿರವೇ ಡಿಆರ್‌ಡಿಒ ಪರೀಕ್ಷಾ ನೆಲೆ ಇದೆ. ಅಲ್ಲಿ ಪರೀಕ್ಷಿಸುವ ತಪಸ್ ಎಂಬ ನಿಗಾ ಡ್ರೋನ್ ಹೆಸರು ಕೇಳಿಕೊಂಡೇ ಬೆಳೆದವನು ನಾನು. 2011ರಲ್ಲಿ ಮಂಜೂರಾಯಿತು, 2016ರಲ್ಲಿ ಮೊದಲು ಹಾರಿತು. 2023ರ ಆಗಸ್ಟಿನಲ್ಲಿ ಒಂದು ತಪಸ್ ಹಿರಿಯೂರು ತಾಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಬಿತ್ತು. ಸೇನೆ ಕೇಳಿದಷ್ಟು ಎತ್ತರ, ಕೇಳಿದಷ್ಟು ಹೊತ್ತು ಹಾರಲು ಕೊನೆಗೂ ಆಗಲಿಲ್ಲ.

ಉಕ್ರೇನಿನಲ್ಲಿ ನೋಡಿದರೆ ಎಫ್‌ಪಿವಿ (ಮುಂದಿನ ಕ್ಯಾಮೆರಾದ ದೃಶ್ಯ ನೋಡುತ್ತಾ ಹಾರಿಸುವ) ಡ್ರೋನ್‌ಗಳು ತಿಂಗಳಿಗೊಂದು ರೂಪ ತಾಳುತ್ತಿವೆ. ಇದಕ್ಕೆ ದುಡ್ಡು ಕಾರಣವಾ? ಯುದ್ಧದ ಒತ್ತಡವಾ? ಬೇರೆ ಏನಾದರೂ ಇದೆಯಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ದಾವಣಗೆರೆ ಗುರು

ಹೋಲಿಕೆಯೇ ಸರಿಯಿಲ್ಲ ತಮ್ಮಾ. ತಪಸ್ ಸುಮಾರು ಒಂದು ದಿನ ಪೂರ್ತಿ ಆಕಾಶದಲ್ಲಿದ್ದು ನಿಗಾ ಇಡಬೇಕಾದ ವಿಮಾನ. ಎಫ್‌ಪಿವಿ ಅಂದರೆ ಒಂದೇ ಸಲ ಹೋಗಿ ಸಿಡಿಯುವುದು. ಇನ್ನು ವೇಗದ ಮಾತು. ಜೀವಕ್ಕೆ ಬಂದಾಗ ಯಾರಾದರೂ ಬೇಗ ಕಲಿಯುತ್ತಾರೆ. ಇದರಲ್ಲಿ ಬೇರೆ ಗುಟ್ಟೇನೂ ಇಲ್ಲ.

ಬೆಸುಗೆ ಬೆಂಚು

ಹೋಲಿಕೆ ಬಗ್ಗೆ ಗುರು ಅವರ ಮಾತು ಒಪ್ಪುತ್ತೇನೆ. ಆದರೆ ಜೀವಕ್ಕೆ ಬಂದರೆ ಎಲ್ಲರೂ ಕಲಿಯುತ್ತಾರೆ ಅನ್ನುವುದನ್ನು ಒಪ್ಪುವುದಿಲ್ಲ. 2020ರಲ್ಲಿ ನಗೋರ್ನೊ ಕರಬಾಖ್ ಯುದ್ಧ 44 ದಿನ ನಡೆಯಿತು. ಅಜರ್‌ಬೈಜಾನ್ ಕೈಯಲ್ಲಿ ಟರ್ಕಿಯ ಬೈರಕ್ತಾರ್, ಇಸ್ರೇಲಿನ ಹಾರೋಪ್ ಡ್ರೋನ್‌ಗಳು ಇದ್ದವು. ಅರ್ಮೇನಿಯಾದವರ ಜೀವಕ್ಕೇ ಬಂದಿತ್ತು. ಆದರೂ ಅಷ್ಟರಲ್ಲಿ ಉತ್ತರ ಹುಡುಕಿಕೊಳ್ಳಲು ಅವರಿಂದ ಆಗಲಿಲ್ಲ. ಒತ್ತಡ ಒಂದೇ ಸಾಲದು. ಮುಂಚೂಣಿಯಲ್ಲಿ ಏನು ಕೆಟ್ಟಿತು ಅನ್ನುವುದು ಅದನ್ನು ರಿಪೇರಿ ಮಾಡುವವರ ಕಿವಿಗೆ ಬೀಳುವ ದಾರಿ ಮೊದಲೇ ತೆರೆದಿರಬೇಕು.

ಉಕ್ರೇನಿನಲ್ಲಿ ಆ ದಾರಿ 2014ರಲ್ಲೇ ಶುರುವಾಯಿತು. ಏರೋರೋಜ್ವಿದ್ಕಾ ಎಂಬ ಸ್ವಯಂಸೇವಕರ ಗುಂಪು ಆಗಲೇ ಸೇನೆಗಾಗಿ ಡ್ರೋನ್ ಹಾರಿಸಲು, ಕಟ್ಟಲು ತೊಡಗಿತ್ತು. 2022ರಲ್ಲಿ ದೊಡ್ಡ ದಾಳಿ ಬಂದಾಗ ಹವ್ಯಾಸಿಗಳು, ಮದುವೆ ಶೂಟಿಂಗ್ ಮಾಡುವವರು, ರೇಸಿಂಗ್ ಡ್ರೋನ್ ಹುಡುಗರು ಎಲ್ಲ ಸೇರಿಕೊಂಡರು. ಆ ಏಪ್ರಿಲ್‌ನಲ್ಲಿ ಚೀನಾದ ಡ್ರೋನ್ ಕಂಪನಿ ಡಿಜೆಐ ರಷ್ಯಾ, ಉಕ್ರೇನ್ ಎರಡೂ ಕಡೆ ಮಾರಾಟ ನಿಲ್ಲಿಸಿತು. ಅದರ ಮ್ಯಾವಿಕ್ ಡ್ರೋನ್‌ಗಳು ಮಾತ್ರ ದೇಣಿಗೆ ದುಡ್ಡಿನಲ್ಲಿ ಹೊರಗಿನಿಂದ ಬರುತ್ತಲೇ ಇದ್ದವು. ಜುಲೈಯಲ್ಲಿ ಸರ್ಕಾರವೇ 'ಡ್ರೋನ್ ಸೇನೆ' ಯೋಜನೆ ತಂದಿತು. 2023ರ ಏಪ್ರಿಲ್‌ನಲ್ಲಿ ಬ್ರೇವ್1 ಬಂತು. ಸಣ್ಣ ತಯಾರಕರನ್ನೂ ಸೇನೆಯನ್ನೂ ಒಂದೇ ಕಡೆ ಕೂರಿಸುವುದು ಅದರ ಕೆಲಸ. 2024ರಲ್ಲಿ ಡ್ರೋನ್‌ಗೆಂದೇ ಸೇನೆಯಲ್ಲಿ ಬೇರೆ ವಿಭಾಗ ಆಯಿತು. ಅಂದರೆ ಕೆಲಸ ಮೊದಲು ಆಯಿತು, ಇಲಾಖೆ ಆಮೇಲೆ ಬಂತು. ನನ್ನ ಪ್ರಕಾರ ಇದು ತುಂಬಾ ಮುಖ್ಯ.

ಈಗ ಬೆಂಚಿನ ಮೇಲಿನ ವಿಷಯಕ್ಕೆ ಬರುತ್ತೇನೆ. ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಔಷಧಿ ಸಿಂಪಡಿಸುವ ಕೃಷಿ ಡ್ರೋನ್ ಜೋಡಿಸುತ್ತೇನೆ. ಯುದ್ಧದ ಸಾಮಾನು ಮಾಡಿಲ್ಲ. ಆದರೆ ಎಫ್‌ಪಿವಿ ಒಳಗಿರುವುದು ಹೆಚ್ಚುಕಡಿಮೆ ಅದೇ ಸಾಮಾನು. ಕಾರ್ಬನ್ ಫ್ರೇಮ್, ನಾಲ್ಕು ಮೋಟಾರ್, ಫ್ಲೈಟ್ ಕಂಟ್ರೋಲರ್, ಒಂದು ರಿಸೀವರ್, ಒಂದು ವಿಡಿಯೋ ಟ್ರಾನ್ಸ್‌ಮಿಟರ್. ಸಾಮಾನ್ಯ ಎಫ್‌ಪಿವಿ ಒಂದಕ್ಕೆ ಅಲ್ಲಿ 400ರಿಂದ 500 ಡಾಲರ್. ಇದರಲ್ಲಿ ಫ್ರೇಮ್ ಹಳೆಯದಾಗುವುದಿಲ್ಲ, ಮೋಟಾರೂ ಹಳೆಯದಾಗುವುದಿಲ್ಲ. ಹಳೆಯದಾಗುವುದು ರೇಡಿಯೋ. ಮೊದಮೊದಲು ಕಂಟ್ರೋಲ್ 868 ಅಥವಾ 915 ಮೆಗಾಹರ್ಟ್ಸ್‌ನಲ್ಲಿ, ವಿಡಿಯೋ 5.8 ಗಿಗಾಹರ್ಟ್ಸ್‌ನಲ್ಲಿ ಹೋಗುತ್ತಿತ್ತು. ಎದುರಿನವರು ಅದೇ ಫ್ರೀಕ್ವೆನ್ಸಿಗೆ ಜ್ಯಾಮರ್ (ಸಿಗ್ನಲ್ ತಡೆಯುವ ಯಂತ್ರ) ಮಾಡಿ ಟ್ಯಾಂಕಿನ ಮೇಲೆ, ಕಂದಕದಲ್ಲಿ ಇಟ್ಟರು. ಆಗ ಇವರು ಬೇರೆ ಫ್ರೀಕ್ವೆನ್ಸಿಗೆ ಹೋದರು. ವಿಡಿಯೋ 3.3 ಗಿಗಾಹರ್ಟ್ಸ್‌ಗೆ, 1.2 ಗಿಗಾಹರ್ಟ್ಸ್‌ಗೆ ಇಳಿಯಿತು. ಆಮೇಲೆ ಜ್ಯಾಮರ್ ಕೂಡ ಅಲ್ಲಿಗೇ ಬಂತು. ಹೋದ ತಿಂಗಳು ಖರೀದಿ ಮಾಡಿದ ಡ್ರೋನ್ ಈ ತಿಂಗಳು ಪೆಟ್ಟಿಗೆ ತೆಗೆಯುವ ಮೊದಲೇ ಕೆಲಸಕ್ಕೆ ಬಾರದೆ ಹೋಗಬಹುದು.

ಹಾಗಾಗಿ ಅಲ್ಲಿನ ಎಷ್ಟೋ ಬ್ರಿಗೇಡ್‌ಗಳು ಮುಂಚೂಣಿಗೆ ಹತ್ತಿರದಲ್ಲೇ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡಿವೆ. ಕಾರ್ಖಾನೆಯಿಂದ ಡ್ರೋನ್ ಬರುತ್ತದೆ. ಅಲ್ಲಿ ರಿಸೀವರ್ ಕಿತ್ತು ಬೇರೆ ಹಾಕುತ್ತಾರೆ, ಆಂಟೆನಾ ಬದಲಾಯಿಸುತ್ತಾರೆ, ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೊಸದಾಗಿ ತುಂಬುತ್ತಾರೆ. ಬೆಳಿಗ್ಗೆ ಹಾರಿಸಿದ ಪೈಲಟ್ ಸಂಜೆ ಬೆಸುಗೆ ಹಾಕುವವರ ಪಕ್ಕದಲ್ಲೇ ಕೂತು ಎಲ್ಲಿ ಸಿಗ್ನಲ್ ಕಡಿದುಹೋಯಿತು ಅಂತ ಹೇಳಬಹುದು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಹಾರಿಸುವ ಕೈಗೂ ಬೆಸುಗೆ ಹಾಕುವ ಕೈಗೂ ನಡುವೆ ಎಷ್ಟು ಜನ ಸಹಿ ಮಾಡಬೇಕು ಅನ್ನುವುದರ ಮೇಲೆ ವೇಗ ನಿಂತಿದೆ.

ನಮ್ಮಲ್ಲೇ ಒಂದು ಉದಾಹರಣೆ. ಮಂಡ್ಯದ ಕಡೆಯ ರೈತರೊಬ್ಬರು ಕಬ್ಬಿನ ಗದ್ದೆಯಿಂದಲೇ ನನಗೆ ಫೋನ್ ಮಾಡಿದರು. ಕೆಸರು ನೆಲದಲ್ಲಿ ಇಳಿಸಿದಾಗ ಡ್ರೋನಿನ ಕಾಲು ಹೂತು ವಾಲುತ್ತಿದೆ ಅಂದರು. ಅದೇ ವಾರ ಅಗಲವಾದ ಪಾದ ಮಾಡಿಸಿ ಕಳಿಸಿದೆವು. ಅದೇ ದೂರು ಡೀಲರ್ ಮೂಲಕ, ಫಾರ್ಮ್ ತುಂಬಿ ಬಂದಿದ್ದರೆ 'ಇಳಿಸುವಾಗ ತೊಂದರೆ' ಅಂತ ಒಂದೇ ಸಾಲು ಇರುತ್ತಿತ್ತು. ಕೆಸರಿನ ವಿಷಯ ನಮಗೆ ತಲುಪುತ್ತಲೇ ಇರಲಿಲ್ಲ.

ದುಡ್ಡಿನ ದಾರಿಯೂ ಬದಲಾಗಿದೆ. ಡ್ರೋನ್ ಖರೀದಿಗೆ ಬ್ರಿಗೇಡ್‌ಗಳಿಗೇ ನೇರವಾಗಿ ಹಣ ಕೊಡುವುದು ಶುರುವಾಯಿತು. ಜೊತೆಗೆ ಪಾಯಿಂಟ್ ಪದ್ಧತಿ ಇದೆ. ತುಕಡಿ ದಾಳಿಯ ವಿಡಿಯೋ ಕಳಿಸಬೇಕು, ಪರಿಶೀಲನೆ ಆದ ಮೇಲೆ ಪಾಯಿಂಟ್ ಸಿಗುತ್ತದೆ. ಆ ಪಾಯಿಂಟ್‌ನಿಂದ ಬ್ರೇವ್1 ಮಾರುಕಟ್ಟೆಯಲ್ಲಿ ತಮಗೆ ಬೇಕಾದ ಡ್ರೋನ್ ತಾವೇ ಆರಿಸಿಕೊಳ್ಳುತ್ತಾರೆ. ಯಾವ ತಯಾರಕರ ಸಾಮಾನು ಕೆಲಸ ಮಾಡುತ್ತದೆ ಅನ್ನುವುದು ಇದರಿಂದ ಬೇಗ ಗೊತ್ತಾಗುತ್ತದೆ, ನಿಜ. ಆದರೆ ಮನುಷ್ಯರ ಸಾವಿಗೂ ಪಾಯಿಂಟ್ ಇದೆ ಎಂದು ಓದಿದಾಗ ನನಗೆ ತುಂಬಾ ಸಂಕಟವಾಯಿತು. ಸೆಮಿನಾರಿನಲ್ಲಿ ಇದನ್ನು ಬರೀ ಜಾಣ ಉಪಾಯ ಅಂತ ಹೇಳಿ ಮುಂದಕ್ಕೆ ಹೋಗಬೇಡಿ.

ನಿವೃತ್ತ ಸಿಗ್ನಲ್ಸ್

ಮೇಡಂ ಚೆನ್ನಾಗಿ ಬರೆದಿದ್ದಾರೆ. ನಾನು ಸೇನೆಯ ಸಿಗ್ನಲ್ಸ್ (ಸಂಪರ್ಕ) ವಿಭಾಗದಲ್ಲಿ ಇದ್ದು ನಿವೃತ್ತನಾದವನು. ಇನ್ನೊಂದು ಮಗ್ಗುಲು ಹೇಳುತ್ತೇನೆ.

ಪ್ರತಿ ಬ್ರಿಗೇಡ್ ತನಗೆ ಬೇಕಾದ್ದನ್ನು ತಾನೇ ಮಾಡಿಕೊಂಡರೆ ಪಕ್ಕದ ಬ್ರಿಗೇಡಿನ ಬ್ಯಾಟರಿ ಇವರಿಗೆ ಹೊಂದುವುದಿಲ್ಲ. ಇವರ ಹುಡುಗ ಅವರ ಸೆಟ್ ಹಾರಿಸಲಾರ. ಯಾರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆ ಗೊತ್ತಿಲ್ಲದಿದ್ದರೆ ನಮ್ಮ ಜ್ಯಾಮರ್ ನಮ್ಮ ಡ್ರೋನನ್ನೇ ಕೆಡವುತ್ತದೆ. ದಾನಿಗಳಿರುವ ಹೆಸರುವಾಸಿ ತುಕಡಿಗೆ ಜಾಸ್ತಿ ಸಾಮಾನು, ಹೆಸರಿಲ್ಲದ ತುಕಡಿಗೆ ಕಡಿಮೆ. ಇದೂ ಆಯಿತು.

ರಷ್ಯಾದವರು ನಿಧಾನವಾಗಿ ಶುರು ಮಾಡಿದರು. ಆದರೆ ಒಂದು ವಿಷಯ ಹಿಡಿದರೆ ರಾಶಿ ರಾಶಿ ಮಾಡಿದರು. ದೂರದವರೆಗೆ ಹೋಗಿ ಸಿಡಿಯುವ ಇರಾನಿನ ಶಾಹೆದ್ ಡ್ರೋನ್ ತಂದು, ಆಮೇಲೆ ರಷ್ಯಾದ ತತಾರಸ್ತಾನದ ಅಲಾಬುಗಾದಲ್ಲಿ ತಾವೇ ತಯಾರಿಸಿದರು. ಆಪ್ಟಿಕಲ್ ಫೈಬರ್ ಡ್ರೋನನ್ನು 2024ರಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಇಳಿಸಿದವರೂ ಅವರೇ. ಡ್ರೋನ್ ಹಿಂದೆ ಕೂದಲಿನಂಥ ಗಾಜಿನ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, 10 ಕಿಲೋಮೀಟರ್, ಕೆಲವು ಸಲ ಇನ್ನೂ ಜಾಸ್ತಿ. ಸಿಗ್ನಲ್ ಆ ಎಳೆಯಲ್ಲೇ ಹೋಗುತ್ತದೆ, ರೇಡಿಯೋನೇ ಇಲ್ಲ, ಹಾಗಾಗಿ ಜ್ಯಾಮ್ ಮಾಡಲು ಏನೂ ಇಲ್ಲ. ಸುರುಳಿಯ ಭಾರ ಇದೆ, ಎಳೆ ಮರಕ್ಕೆ ಸಿಕ್ಕಿಕೊಳ್ಳುತ್ತದೆ, ಆದರೂ ರಷ್ಯಾದ ಕುರ್ಸ್ಕ್ ಕಡೆ ಉಕ್ರೇನಿನ ಸರಬರಾಜು ದಾರಿಗಳಿಗೆ ಇದರಿಂದ ಬಹಳ ಪೆಟ್ಟು ಬಿತ್ತು. ರೂಬಿಕಾನ್ ಎಂಬ ಕೇಂದ್ರ ಮಾಡಿ, ಅಲ್ಲಿ ಕಲಿತದ್ದನ್ನು ಬೇರೆ ಪಡೆಗಳಿಗೂ ಹರಡಿದರು. ಹೊಸದನ್ನು ಹುಡುಕಲು ಸಣ್ಣ ಗುಂಪು ಸಾಕು. ಅದನ್ನು ಇಡೀ ಸೇನೆಗೆ ಮುಟ್ಟಿಸಲು ಮೇಲಿನವರು ಬೇಕೇ ಬೇಕು.

ನಮ್ಮಲ್ಲಿ ಏನೂ ಆಗುತ್ತಿಲ್ಲ ಅಂದುಕೊಳ್ಳಬೇಡ ಮಗು. ನಮ್ಮ ಸೇನೆಯ ಒಂದು ಬ್ರಿಗೇಡ್ ಚಂಡೀಗಢದಲ್ಲಿರುವ ಡಿಆರ್‌ಡಿಒದ ಟಿಬಿಆರ್‌ಎಲ್ ಪ್ರಯೋಗಾಲಯದ ಜೊತೆ ಸೇರಿ ಟ್ಯಾಂಕ್ ಹೊಡೆಯುವ ಎಫ್‌ಪಿವಿ ಮಾಡಿತು. 2024ರ ಆಗಸ್ಟಿನಲ್ಲಿ ಶುರು, 2025ರ ಮಾರ್ಚಿನ ಹೊತ್ತಿಗೆ ನೂರಕ್ಕೂ ಹೆಚ್ಚು ತಯಾರು. ಜೋಡಿಸಿದ್ದು ಸೇನೆಯವರೇ. ಅದೇ ವರ್ಷ ಜುಲೈಯಲ್ಲಿ, ಕಾರ್ಗಿಲ್ ವಿಜಯ ದಿವಸದಂದು, ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ ಡ್ರೋನ್ ಪ್ಲಟೂನ್ ಇರುತ್ತದೆ ಎಂದು ಆಗ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ದ್ವಿವೇದಿ ಅವರು ದ್ರಾಸ್‌ನಲ್ಲಿ ಹೇಳಿದರು.

ಚಳ್ಳಕೆರೆ ಹುಡುಗ

ತುಂಬಾ ಧನ್ಯವಾದ ಸರ್, ಮೇಡಂ. ಸರ್ ಹೇಳಿದ ನಮ್ಮ ಸೇನೆಯ ಡ್ರೋನಿನ ಬೆಲೆ ಸುಮಾರು 1.4 ಲಕ್ಷ ರೂಪಾಯಿ ಎಂದು ಓದಿದೆ. ಉಕ್ರೇನಿನದು ಅದರ ಅರ್ಧವೂ ಇಲ್ಲ. ಯಾಕೆ? ಇನ್ನೊಂದು, ಈ ವಿಷಯದಲ್ಲಿ ನಾನು ಪ್ರಾಜೆಕ್ಟ್ ಮಾಡುವುದಾದರೆ ಎಲ್ಲಿಂದ ಶುರು ಮಾಡಲಿ?

ಬೆಸುಗೆ ಬೆಂಚು

ಸರ್ ಹೇಳಿದ್ದು ನಿಜ, ಹರಡುವ ಕೆಲಸ ವರ್ಕ್‌ಶಾಪಿನಿಂದ ಆಗುವುದಿಲ್ಲ. ಆದರೆ ಮೇಲಿನವರು ನಿಗದಿ ಮಾಡಬೇಕಾದ್ದು ಕನೆಕ್ಟರ್, ಬ್ಯಾಟರಿ, ಸ್ಕ್ರೂ ರಂಧ್ರದ ಅಳತೆ. ರೇಡಿಯೋ ಯಾವುದು ಅನ್ನುವುದನ್ನು ತುಕಡಿಗೆ ಬಿಡಬೇಕು. ಟೆಂಡರಿನಲ್ಲಿ ಫ್ರೀಕ್ವೆನ್ಸಿಯನ್ನೂ ಬರೆದು ಸೀಲ್ ಮಾಡಿದರೆ ಮುಗಿಯಿತು. ಆಮೇಲೆ ಒಂದು ಮಾಡ್ಯೂಲ್ ಬದಲಾಯಿಸಿದರೂ ಮತ್ತೆ ಮೊದಲಿನಿಂದ ಪರೀಕ್ಷೆ.

ಬೆಲೆ ವಿಷಯದಲ್ಲಿ ಅವಸರಪಟ್ಟು ತೀರ್ಮಾನ ಬೇಡ. ನಮ್ಮ ಸೇನೆಯ ಆ ಡ್ರೋನಿನಲ್ಲಿ ಸಿಡಿತಲೆಗೆ ಎರಡು ಹಂತದ ಸುರಕ್ಷತೆ ಇದೆ. ಹಾರಿಸುವವರ ಕೈಯಲ್ಲೇ ಸಿಡಿಯಬಾರದು ಅಲ್ವಾ? ಆ ಖರ್ಚು ಉಳಿಸಬಾರದು. ಚೀನಾದ ಬಿಡಿಭಾಗವೂ ನಮ್ಮ ಸೇನೆಗೆ ಬೇಡ. ಉಕ್ರೇನ್ ಬಹಳ ಕಾಲ ಅವುಗಳ ಮೇಲೆಯೇ ನಿಂತಿತ್ತು. 2023ರ ಸೆಪ್ಟೆಂಬರಿನಲ್ಲಿ ಚೀನಾ ರಫ್ತಿನ ಮೇಲೆ ಹಿಡಿತ ಬಿಗಿ ಮಾಡಿದ ಮೇಲೆ ಅವರಿಗೂ ಕಷ್ಟವಾಯಿತು. ಮೋಟಾರಿನ ಮ್ಯಾಗ್ನೆಟ್‌ನಿಂದ ಹಿಡಿದು ನಾವೇ ಮಾಡಿಕೊಳ್ಳಬೇಕು ಅಂದರೆ ಸದ್ಯಕ್ಕೆ ಬೆಲೆ ಜಾಸ್ತಿಯೇ.

ಪ್ರಾಜೆಕ್ಟಿಗೆ ರೇಡಿಯೋ ಭಾಗವನ್ನೇ ತೆಗೆದುಕೊಳ್ಳಿ. ಬೆಸುಗೆ ಇಲ್ಲದೆ, ಪ್ಲಗ್ ತೆಗೆದು ಹಾಕಿದಂತೆ ರಿಸೀವರ್ ಬದಲಾಯಿಸಬಲ್ಲ ಒಂದು ಚಿಕ್ಕ ಬೋರ್ಡ್ ಮಾಡಿ. ಒಂದು 2.4 ಗಿಗಾಹರ್ಟ್ಸ್ ಮಾಡ್ಯೂಲ್, ಇನ್ನೊಂದು 865ರಿಂದ 868 ಮೆಗಾಹರ್ಟ್ಸ್ ಒಳಗಿನದು ಸಾಕು. ಶಕ್ತಿಯ ಮಿತಿ ಮೀರದಿದ್ದರೆ ಎರಡಕ್ಕೂ ನಮ್ಮಲ್ಲಿ ಲೈಸೆನ್ಸ್ ಬೇಡ. ಕೈಗವಸು ಹಾಕಿಕೊಂಡು, ಟಾರ್ಚ್ ಬೆಳಕಿನಲ್ಲಿ ಬದಲಾಯಿಸಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದು ಬರೆಯಿರಿ. ಸಾಮಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ. ಜ್ಯಾಮರ್ ಮಾತ್ರ ಮುಟ್ಟಬೇಡಿ, ಖಾಸಗಿಯವರು ಅದನ್ನು ಬಳಸುವುದು ಕಾನೂನಿಗೆ ವಿರುದ್ಧ. ಸಿಗ್ನಲ್ ದುರ್ಬಲವಾದಾಗ ಏನಾಗುತ್ತದೆ ಅಂತ ನೋಡಬೇಕಿದ್ದರೆ ಕಾಲೇಜು ಲ್ಯಾಬಿನಲ್ಲಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ ಕೇಬಲ್ ಮೇಲೆಯೇ ಪರೀಕ್ಷೆ ಮಾಡಿ. ಬೋರ್ಡಿನ ಸರ್ಕ್ಯೂಟ್ ಬರೆದ ಮೇಲೆ ಇಲ್ಲೇ ಹಾಕಿ, ನಾನು ನೋಡಿ ಹೇಳುತ್ತೇನೆ.